ಕಡಲಿಗೆ ಹೊರಟವರೇ, ಕಿಸೆ ಜೋಪಾನ!

ರಜೆ ಹತ್ತಿರ ಬಂತು ಅಂದ್ರೆ ನಮ್ಮ ಬೊಮ್ಮನಹಳ್ಳಿಯ ಹೊಸೂರು ರಸ್ತೆಗೆ ರಾತ್ರಿ ಒಂಬತ್ತರ ಮೇಲೆ ಬೇರೆಯದೇ ಕಳೆ. ಮೆಟ್ರೊ ಕಂಬಗಳ ಕೆಳಗೆ ಸಾಲಾಗಿ ಬಂದು ನಿಲ್ಲುವ ಸ್ಲೀಪರ್ ಬಸ್ಸುಗಳು, ಗೋಕರ್ಣ, ಮುರುಡೇಶ್ವರ, ಗೋವಾ ಅಂತ ಕೂಗುವ ಹುಡುಗರು, ಟ್ರಾಲಿ ಬ್ಯಾಗು, ಚಪಾತಿ ಡಬ್ಬಿ, ನಿದ್ದೆಗಣ್ಣಿನ ಮಕ್ಕಳು. ಬೆಂಗಳೂರಿನವರಿಗೆ ಸಮುದ್ರ ಅಂದ್ರೆ ಒಂದು ರಾತ್ರಿಯ ದೂರ. ವರ್ಷವಿಡೀ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೊಗೆ ಕುಡಿದವರಿಗೆ ಎರಡು ದಿನ ಉಪ್ಪುಗಾಳಿ ಬೇಕು ಅನ್ನಿಸೋದು ತಪ್ಪಲ್ಲ.

ಆದರೆ ಎರಡೇ ದಿನ ಇರೋದ್ರಿಂದ ಎಲ್ಲಕ್ಕೂ ಆತುರ. ರೂಮಿಗೆ ಆತುರ, ದೋಣಿಗೆ ಆತುರ, ಫೋಟೋಗೆ ಆತುರ. ಮೋಸ ಮಾಡುವವರ ನಿಜವಾದ ಬಂಡವಾಳ ಈ ಆತುರವೇ. ನಮ್ಮ ದಡ್ಡತನ ಅವರಿಗೆ ಅಷ್ಟೊಂದು ಬೇಕಾಗಿಲ್ಲ. ಪರಊರು, ಗುರುತಿನವರು ಯಾರೂ ಇಲ್ಲ, ನಾಳೆ ಸಂಜೆ ಬಸ್ಸು ಹಿಡಿಯಬೇಕು, 'ಜಗಳ ಯಾಕೆ, ಕೊಟ್ಟುಬಿಡೋಣ' ಅನ್ನುವ ಮನಸ್ಸು. ಇಷ್ಟಿದ್ದರೆ ಅವರಿಗೆ ಸಾಕು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಕರಾವಳಿಯ ಜನ ಮೋಸಗಾರರು ಅಂತ ನಾನು ಬರೀತಿಲ್ಲ. ಎಷ್ಟೋ ಸಲ ಹೋಗಿ ಬಂದಿದ್ದೀನಿ. ಮರೆತು ಬಂದ ಮೊಬೈಲನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿ ಬಂದು ಕೊಟ್ಟ ಹೋಟೆಲ್ ಹುಡುಗನೂ ಅಲ್ಲಿಯವನೇ. ಸಮುದ್ರದ ಹೆಸರಲ್ಲಿ ನಡೆಯುವ ದೊಡ್ಡ ಮೋಸಗಳು ಸಮುದ್ರದ ಹತ್ತಿರ ನಡೆಯೋದೇ ಇಲ್ಲ. ಅವು ನಡೆಯೋದು ನಮ್ಮ ಮನೆಯ ಸೋಫಾ ಮೇಲೆ, ನಮ್ಮ ಕೈಯಲ್ಲಿರುವ ಫೋನಿನಲ್ಲಿ.

ಹೊರಡುವ ಮುಂಚಿನ ಮೋಸ

ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಬಹಳ. ಅವರಲ್ಲಿ ಹನ್ನೊಂದು ಜನ ಸೇರಿ ತಿಂಗಳಿಗೆ ಐನೂರು ರೂಪಾಯಿಯಂತೆ ಎಂಟು ತಿಂಗಳು ಚೀಟಿ ಕಟ್ಟಿದರು. ಯಾಕೆ ಅಂದ್ರೆ, ಸಮುದ್ರ ನೋಡೋಕೆ. ಹನ್ನೊಂದರಲ್ಲಿ ಎಂಟು ಜನ ಸಮುದ್ರವನ್ನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಗಂಡಂದಿರು, ಅತ್ತೆಯರು, ಸೂಪರ್‌ವೈಸರ್, ಎಲ್ಲರ ಹತ್ತಿರ ಮೂರು ದಿನದ ಅಪ್ಪಣೆ ಪಡೆಯೋದು ಹಣ ಕೂಡಿಸೋದಕ್ಕಿಂತ ಕಷ್ಟವಾಗಿತ್ತು.

ಫೇಸ್‌ಬುಕ್ಕಿನಲ್ಲಿ ಒಂದು ಜಾಹೀರಾತು ಕಾಣಿಸಿತು. 'ಗೋಕರ್ಣ ಮುರುಡೇಶ್ವರ ಎರಡು ರಾತ್ರಿ, ಊಟ ತಿಂಡಿ ಬಸ್ಸು ಸೇರಿ ತಲೆಗೆ ನಾಲ್ಕು ಸಾವಿರ.' ಫೋನಿನಲ್ಲಿ ಮಾತಾಡಿದವನು 'ಅಕ್ಕಾ, ಅಕ್ಕಾ' ಅಂತ ಬಹಳ ಮರ್ಯಾದೆಯಿಂದ ಮಾತಾಡಿದ. ಅರ್ಧ ಹಣ ಮುಂಗಡ ಅಂದ, ಇಪ್ಪತ್ತೆರಡು ಸಾವಿರ ಹೋಯಿತು. ಎರಡು ದಿನ ಬಿಟ್ಟು 'ಸೀಟು ಕನ್ಫರ್ಮ್ ಆಗ್ಬೇಕು' ಅಂದ, ಆರು ಸಾವಿರದ ಆರುನೂರು ಹೋಯಿತು. ಅದೇ ಸಂಜೆ 'ಜಿಎಸ್‌ಟಿ ಒಂಬತ್ತು ಸಾವಿರ ಹಾಕಿ, ರೂಮಿಗೆ ಹೋದ ತಕ್ಷಣ ವಾಪಸ್ ಬರುತ್ತೆ' ಅಂದಾಗ ಒಬ್ಬಾಕೆಗೆ ಅನುಮಾನ ಬಂತು. ನಮ್ಮ ಮನೆ ಬಾಗಿಲು ತಟ್ಟಿದಳು.

ಕೂತು 1930ಕ್ಕೆ ಫೋನ್ ಮಾಡಿದೆವು. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಹೋದ ಖಾತೆಯ ವಿವರ, ಬ್ಯಾಂಕಿನ ಹೆಸರು, ವಹಿವಾಟಿನ 12 ಅಂಕಿಯ ಸಂಖ್ಯೆ ಕೇಳಿದರು. ಆಮೇಲೆ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರನ್ನು ಪೂರ್ತಿ ಮಾಡಿದೆವು. ಅದೇ ದಿನ ಹೋದ ಎರಡನೇ ಕಂತು ಇನ್ನೂ ಖಾತೆಯಲ್ಲೇ ಇತ್ತು, ಅದನ್ನು ತಡೆಹಿಡಿದರು. ಎರಡು ದಿನ ಹಳೆಯ ಮೊದಲ ಕಂತು ಆಗಲೇ ಕೈದಾಟಿ ಹೋಗಿತ್ತು. ತಡೆಹಿಡಿದ ಹಣ ಕೈಗೆ ಬರೋಕೂ ಸ್ಟೇಷನ್ನು, ಬ್ಯಾಂಕು ಅಂತ ತಿಂಗಳುಗಟ್ಟಲೆ ಓಡಾಟ. ಆದ್ದರಿಂದ ನೆನಪಿಡಿ, ಮೋಸ ಅಂತ ಗೊತ್ತಾದ ಕ್ಷಣವೇ 1930. 'ನಾಳೆ ಯಜಮಾನರನ್ನು ಕೇಳಿ ಮಾಡೋಣ' ಅಂದ್ರೆ ಹಣ ನಾಲ್ಕು ಖಾತೆ ದಾಟಿರುತ್ತೆ.

ಹಣಕ್ಕಿಂತ ದೊಡ್ಡ ನಷ್ಟ ಬೇರೆ ಆಯಿತು. 'ಇದಕ್ಕೇ ಹೇಳಿದ್ದು, ನಿಮಗ್ಯಾಕೆ ಈ ಟೂರು ಗೀರು' ಅನ್ನುವ ಮಾತು ಹನ್ನೊಂದು ಮನೆಯಲ್ಲೂ ಬಂತು. ಮತ್ತೆ ಆರು ತಿಂಗಳು ಚೀಟಿ ಕಟ್ಟಿದರು. ಈ ಸಲ ಏಜೆಂಟಿನ ಸಹವಾಸ ಇಲ್ಲ. ಸಂಜೆ ಬೆಂಗಳೂರಿನಿಂದ ಹೊರಟು ಬೆಳಿಗ್ಗೆ ಕಾರವಾರ ತಲುಪುವ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ನೇರವಾಗಿ ರೈಲ್ವೆಯ ಆ್ಯಪಿನಲ್ಲೇ ಟಿಕೆಟ್ಟು. ಉಳಿಯುವ ಜಾಗಕ್ಕೆ ಫೋನ್ ಮಾಡಿ, ಒಂದು ರಾತ್ರಿಯ ಬಾಡಿಗೆ ಮಾತ್ರ ಮುಂಗಡ. ಲೆಕ್ಕ ಹಾಕಿದರೆ ಪ್ಯಾಕೇಜಿಗಿಂತ ಕಡಿಮೆಯಲ್ಲೇ ಆಯಿತು. ಹೋಗಿದ್ದು ಮಾತ್ರ ಒಂಬತ್ತೇ ಜನ. ಇಬ್ಬರಿಗೆ ಎರಡನೇ ಸಲ ಅಪ್ಪಣೆ ಸಿಗಲಿಲ್ಲ. ಇಂಥ ಮೋಸವನ್ನು 'ಸಣ್ಣ ಮೊತ್ತ ಬಿಡಿ' ಅಂತ ಯಾರಾದರೂ ಅಂದಾಗ ನನಗೆ ಆ ಇಬ್ಬರು ನೆನಪಾಗ್ತಾರೆ.

ಇದು ನಮ್ಮ ಬೀದಿಯ ಕತೆ ಮಾತ್ರ ಅಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಯಾತ್ರಿಕರಿಗೂ ಪ್ರವಾಸಿಗರಿಗೂ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ನಕಲಿ ವೆಬ್‌ಸೈಟು, ನಕಲಿ ಫೇಸ್‌ಬುಕ್ ಪುಟ, ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತು, ವಾಟ್ಸಾಪ್ ಖಾತೆ ಬಳಸಿ ಹೋಟೆಲ್ ರೂಮು, ಅತಿಥಿಗೃಹ, ಹೆಲಿಕಾಪ್ಟರ್ ಟಿಕೆಟ್ಟಿನ ಹೆಸರಲ್ಲಿ ಹಣ ಕೀಳ್ತಾರೆ ಅಂತ.

ನಾನು ನಮ್ಮ ಬೀದಿಯವರಿಗೆ ಹೇಳಿಕೊಟ್ಟ ಪರೀಕ್ಷೆ ಸುಲಭದ್ದು. ಒಂದು, ಹೋಟೆಲಿನ ನಂಬರನ್ನು ಎರಡು ಕಡೆಯಿಂದ ತಗೊಳ್ಳಿ. ಎರಡೂ ಒಂದೇ ಆಗಿರಬೇಕು. ಮ್ಯಾಪಿನಲ್ಲಿ ಕಾಣುವ ನಂಬರನ್ನು ಬೇರೆಯವರು ಬದಲಾಯಿಸಿರುವ ಪ್ರಕರಣಗಳೂ ಇವೆ. ಎರಡು, ಹಣ ಹಾಕುವ ಮುಂಚೆ ಯುಪಿಐನಲ್ಲಿ ಬರುವ ಹೆಸರು ನೋಡಿ. ಹೋಟೆಲಿನ ಹೆಸರೋ ಮಾಲೀಕರ ಹೆಸರೋ ಬರಬೇಕು. ಯಾವುದೋ ದೂರದ ಊರಿನ ಯಾರದೋ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಮೂರು, ಸ್ಥಳೀಯರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ. 'ಗೋಕರ್ಣ ರೋಡ್ ಸ್ಟೇಷನ್ನಿಂದ ನಿಮ್ಮಲ್ಲಿಗೆ ಎಷ್ಟು ದೂರ?' ಅಂತ. ಆ ಸ್ಟೇಷನ್ ಊರಿನಿಂದ ಹತ್ತು ಕಿಲೋಮೀಟರ್ ಹತ್ತಿರ ಇದೆ. 'ಸ್ಟೇಷನ್ ಎದುರಿಗೇ ಮೇಡಂ, ಬೀಚೂ ಅಲ್ಲೇ' ಅಂದ್ರೆ ಅವನು ಗೋಕರ್ಣ ನೋಡಿಲ್ಲ. ನಾಲ್ಕು, 'ವಾಪಸ್ ಬರುವ ಹಣ' ಅಂತ ಯಾರೇ ಏನೇ ಕೇಳಿದರೂ ಅದು ವಾಪಸ್ ಬರೋದಿಲ್ಲ.

'ಅಭಿನಂದನೆಗಳು, ನೀವು ಗೆದ್ದಿದ್ದೀರಿ!'

ಇದು ನಮ್ಮ ದಕ್ಷಿಣ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಫೋನು. ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಒಂದು ಕೂಪನ್ ತುಂಬಿಸಿಕೊಂಡಿರ್ತಾರೆ. ವಾರ ಬಿಟ್ಟು ಫೋನ್ ಬರುತ್ತೆ. 'ಬೀಚ್ ರೆಸಾರ್ಟಿನಲ್ಲಿ ಮೂರು ದಿನ ಉಚಿತ. ಭಾನುವಾರ ದಂಪತಿ ಸಮೇತ ಬಂದು ಗಿಫ್ಟ್ ತಗೊಂಡು ಹೋಗಿ.' ಒಬ್ಬರೇ ಬರ್ತೀನಿ ಅಂದ್ರೆ ಬೇಡ ಅಂತಾರೆ. ಯಾಕೆ ಗೊತ್ತಾ? 'ಮನೆಯಲ್ಲಿ ಕೇಳಿ ಹೇಳ್ತೀನಿ' ಅನ್ನುವ ದಾರಿಯನ್ನು ಮೊದಲೇ ಮುಚ್ಚೋಕೆ.

ಒಳಗೆ ಹೋದರೆ ಜೋರು ಹಾಡು, ತಣ್ಣನೆಯ ಹಾಲ್, ಒಂದು ಗಂಟೆ ಅಂದದ್ದು ಮೂರು ಗಂಟೆ. ಮಧ್ಯೆ ಮಧ್ಯೆ ಪಕ್ಕದ ಟೇಬಲ್ಲಿನವರು ಸದಸ್ಯರಾದರು ಅಂತ ಚಪ್ಪಾಳೆ. ಕೊನೆಗೆ 'ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ'. ಲಕ್ಷದ ಆಸುಪಾಸಿನ ಮೊತ್ತವನ್ನು ಕ್ರೆಡಿಟ್ ಕಾರ್ಡಿನ ಕಂತಿಗೆ ಹಾಕಿಬಿಡ್ತಾರೆ. ಆಮೇಲೆ ರಜೆಯ ದಿನಗಳಲ್ಲಿ ರೂಮು ಕೇಳಿದರೆ ಖಾಲಿ ಇಲ್ಲ, ವರ್ಷ ವರ್ಷ ನಿರ್ವಹಣೆ ಶುಲ್ಕ ಬೇರೆ. ರಜೆ ಸದಸ್ಯತ್ವದ ಎಲ್ಲ ಕಂಪನಿಗಳೂ ಮೋಸ ಅಂತ ಹೇಳ್ತಿಲ್ಲ. ಸರಿಯಾಗಿ ನಡೆಸುವವರೂ ಇದ್ದಾರೆ. ಆದರೆ ಒಳ್ಳೆಯ ವ್ಯವಹಾರ ನಾಳೆ ಬೆಳಿಗ್ಗೆಯೂ ಒಳ್ಳೆಯದಾಗೇ ಇರುತ್ತೆ. 'ಒಪ್ಪಂದದ ಪ್ರತಿ ಕೊಡಿ, ಮನೆಗೆ ಹೋಗಿ ಓದಿ ನಾಳೆ ಹೇಳ್ತೀನಿ' ಅನ್ನಿ. ಪ್ರತಿ ಕೊಡದಿದ್ದರೆ ಎದ್ದು ಬನ್ನಿ. ಆ ಗಿಫ್ಟಿನ ಸ್ಟೀಲ್ ಡಬ್ಬಿ ಇಲ್ಲದೆಯೂ ನಮ್ಮ ಅಡುಗೆಮನೆ ನಡೆಯುತ್ತೆ.

ಇಳಿದ ಕೂಡಲೇ

ಬೆಳಗಿನ ಜಾವ, ಅರ್ಧ ನಿದ್ದೆ, ಕೈಯಲ್ಲಿ ಲಗೇಜು. ಆಗ ಬರುವ ಮಾತು, 'ನೀವು ಹೇಳೋ ಲಾಡ್ಜ್ ಮುಚ್ಚಿದೆ ಸಾರ್, ನಮ್ಮ ಕಡೆ ಒಳ್ಳೇದಿದೆ.' ಇದು ಹಂಪಿಯಿಂದ ಕೋವಳಂವರೆಗೆ ಎಲ್ಲ ಊರಿನಲ್ಲೂ ಇರುವ ಹಳೆಯ ಆಟ. ಬೇರೆ ಲಾಡ್ಜಿಗೆ ಕರ್ಕೊಂಡು ಹೋದರೆ ಕಮಿಷನ್, ಅದು ನಮ್ಮ ಬಾಡಿಗೆಯಲ್ಲೇ ಸೇರಿರುತ್ತೆ. ಹಿಂದಿನ ರಾತ್ರಿಯೇ ಲಾಡ್ಜಿಗೆ ಫೋನ್ ಮಾಡಿ, ಆಟೋಗೆ ಎಷ್ಟು ಕೊಡಬಹುದು ಅಂತಲೂ ಕೇಳಿಟ್ಟುಕೊಳ್ಳಿ. ಆಟೋ ಹತ್ತುವ ಮುಂಚೆ ದರ ಕೇಳುವಾಗ 'ತಲೆಗೋ, ಗಾಡಿಗೋ?' ಅಂತ ಬಿಡಿಸಿ ಕೇಳಿ. ನಾಲ್ಕು ಜನ ಇಳಿದ ಮೇಲೆ ಹೊರಬೀಳುವ ಜಗಳಗಳಲ್ಲಿ ಅರ್ಧ ಈ ಒಂದು ಪದದ್ದು.

ವಿಮಾನದಲ್ಲಿ ಗೋವಾಕ್ಕೆ ಹೋಗುವವರು ಇನ್ನೊಂದು ಗಮನಿಸಿ. 2023ರ ಜನವರಿಯಿಂದ ಗೋವಾಕ್ಕೆ ಎರಡು ವಿಮಾನ ನಿಲ್ದಾಣ. ದಾಬೋಲಿಂ ದಕ್ಷಿಣಕ್ಕೆ ಹತ್ತಿರ, ಮೋಪಾ ಉತ್ತರದ ತುದಿಯಲ್ಲಿ. ಇನ್ನೂರು ರೂಪಾಯಿ ಅಗ್ಗ ಅಂತ ಮೋಪಾಕ್ಕೆ ಟಿಕೆಟ್ ಮಾಡಿ ದಕ್ಷಿಣ ಗೋವಾದಲ್ಲಿ ರೂಮು ಹಿಡಿದರೆ ಟ್ಯಾಕ್ಸಿಗೆ ಸಾವಿರಗಟ್ಟಲೆ ಕೊಡಬೇಕು. ಇದರಲ್ಲಿ ಯಾರ ಮೋಸವೂ ಇಲ್ಲ. ಆದರೆ ಸಿಕ್ಕಿಹಾಕಿಕೊಂಡವರನ್ನು ದೂರದಿಂದಲೇ ಗುರುತಿಸುವ ಟ್ಯಾಕ್ಸಿಯವರು ಹೊರಗೆ ಕಾಯ್ತಿರ್ತಾರೆ. ಒಳಗಿನ ಪ್ರೀಪೇಯ್ಡ್ ಕೌಂಟರಿನಲ್ಲೇ ರಸೀದಿ ತಗೊಳ್ಳಿ.

ಸ್ಕೂಟರ್ ಬಾಡಿಗೆಗೆ ಮುಂಚೆ ನಂಬರ್ ಪ್ಲೇಟ್ ನೋಡಿ

ಬಾಡಿಗೆಗೆ ಕೊಡೋಕೆ ಪರವಾನಗಿ ಇರುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕ, ಕಪ್ಪು ಅಕ್ಷರ ಅಂದ್ರೆ ಸ್ವಂತ ಬಳಕೆಯ ಗಾಡಿ, ಅದನ್ನು ಬಾಡಿಗೆಗೆ ಬಿಡುವಂತಿಲ್ಲ. ನೂರು ರೂಪಾಯಿ ಕಡಿಮೆ ಅಂತ ಬಿಳಿ ಪ್ಲೇಟಿನದ್ದು ತಗೊಂಡರೆ ಪೊಲೀಸರು ಹಿಡಿದಾಗ ನಾವೇ ಉತ್ತರ ಹೇಳಬೇಕು. ಅಪಘಾತ ಆದರೆ ವಿಮೆ ಕಂಪನಿ 'ಬಾಡಿಗೆಗೆ ಬಳಸಿದ್ದೀರಿ' ಅಂತ ತಕರಾರು ತೆಗೆಯೋಕೆ ದಾರಿ ಸಿಗುತ್ತೆ.

ಗಾಡಿ ವಾಪಸ್ ಕೊಡುವಾಗ 'ಈ ಗೀರು ನೀವೇ ಮಾಡಿದ್ದು' ಅನ್ನೋದು ಇನ್ನೊಂದು ಮಾಮೂಲು. ನಮ್ಮ ಅಕ್ಕನ ಮಗ ಇದಕ್ಕೆ ಒಳ್ಳೆಯ ಮದ್ದು ಕಂಡುಕೊಂಡಿದ್ದಾನೆ. ಗಾಡಿ ತಗೊಳ್ಳುವಾಗ ಮಾಲೀಕರ ಎದುರಿಗೇ ಸುತ್ತಲೂ ಒಂದು ನಿಮಿಷ ವಿಡಿಯೋ ಮಾಡ್ತಾನೆ. ಕನ್ನಡಿ, ಇಂಡಿಕೇಟರ್, ಪೆಟ್ರೋಲ್ ಮುಳ್ಳು ಎಲ್ಲ ತೋರಿಸಿ, ಅದನ್ನು ಅವರ ವಾಟ್ಸಾಪಿಗೇ ಕಳಿಸಿಬಿಡ್ತಾನೆ. ಅದಾದ ಮೇಲೆ ಇಲ್ಲಿಯವರೆಗೆ ಗೀರಿನ ಮಾತು ಬಂದಿಲ್ಲ. ಮೂಲ ಆಧಾರ್ ಕಾರ್ಡನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಒತ್ತೆ ಇಡಬೇಡಿ. ಅದು ಅವರ ಕೈಯಲ್ಲಿದ್ದರೆ ಗೀರಿನ ಬೆಲೆ ಅವರು ಹೇಳಿದ್ದೇ ಆಗುತ್ತೆ. ಗುರುತಿಗೆ ಕೇಳಿದರೆ ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿರುವ 'ಮಾಸ್ಕ್ಡ್' ಪ್ರತಿ ಯುಐಡಿಎಐ ತಾಣದಲ್ಲೇ ಸಿಗುತ್ತೆ, ಅದರ ಪ್ರತಿ ಕೊಡಿ.

ನೀರಿನ ಆಟ: ಇಲ್ಲಿ ಪಣಕ್ಕಿರೋದು ದುಡ್ಡಲ್ಲ

ಮುರುಡೇಶ್ವರದ ಕಡಲಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ ನೇತ್ರಾಣಿ ದ್ವೀಪ ಇದೆ. ಪಾರಿವಾಳ ಗುಡ್ಡ ಅಂತಲೂ ಕರೀತಾರೆ. ಸ್ಕೂಬಾ ಡೈವಿಂಗ್‌ಗೆ ರಾಜ್ಯದಲ್ಲೇ ಹೆಸರಾದ ಜಾಗ. ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ಶುರುವಾಗಿ ಮೇವರೆಗೆ ಅಲ್ಲಿ ಡೈವಿಂಗ್. ಅಷ್ಟು ದೂರ ಅಂದ ಮೇಲೆ ದೋಣಿ ಪ್ರಯಾಣಕ್ಕೇ ಸಾಕಷ್ಟು ಹೊತ್ತು ಬೇಕು. 'ನೇತ್ರಾಣಿ ಸ್ಕೂಬಾ, ಒಂದೇ ಗಂಟೆಯಲ್ಲಿ ಹೋಗಿ ಬರೋದು, ಅರ್ಧ ರೇಟು' ಅಂತ ಯಾರಾದರೂ ಅಂದರೆ ಗಡಿಯಾರ ನೋಡಿಯೇ ಗೊತ್ತಾಗುತ್ತೆ, ಅದು ನೇತ್ರಾಣಿ ಅಲ್ಲ, ದಡದ ಹತ್ತಿರದ ಕಲಕು ನೀರು.

ಒಳ್ಳೆಯ ಡೈವಿಂಗ್ ಕೇಂದ್ರದ ಗುರುತು ಇನ್ನೊಂದಿದೆ. ಅವರು ಹಣಕ್ಕಿಂತ ಮುಂಚೆ ಆರೋಗ್ಯ ಕೇಳ್ತಾರೆ. ಆಸ್ತಮಾ ಇದೆಯಾ, ಬಿಪಿ ಮಾತ್ರೆ ತಗೋತೀರಾ, ಕಿವಿ ನೋವು, ಹೃದಯದ ತೊಂದರೆ, ಗರ್ಭಿಣಿಯಾ ಅಂತ ಹಾಳೆಯಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಳ್ತಾರೆ. ನೀರಿಗಿಳಿಸುವ ಮುಂಚೆ ಕೈಸನ್ನೆ ಕಲಿಸ್ತಾರೆ. ಏನೂ ಕೇಳದೆ 'ಬನ್ನಿ ಬನ್ನಿ, ಈಜು ಬರಬೇಕಾಗಿಲ್ಲ' ಅಂತ ಸಿಲಿಂಡರ್ ಕಟ್ಟುವವರ ಹತ್ತಿರ ಮಕ್ಕಳನ್ನು ಬಿಡಬೇಡಿ. ಡೈವಿಂಗ್ ಮಾಡಿದ ದಿನವೇ ವಿಮಾನ ಹತ್ತಬಾರದು ಅನ್ನೋದನ್ನೂ ಒಳ್ಳೆಯವರು ತಾವಾಗಿಯೇ ಹೇಳ್ತಾರೆ.

ಜೆಟ್ ಸ್ಕೀ, ಬನಾನಾ ರೈಡ್, ಪ್ಯಾರಾಸೇಲಿಂಗ್, ಡಾಲ್ಫಿನ್ ದೋಣಿ, ಎಲ್ಲಕ್ಕೂ ಕೇಳಬೇಕಾದ್ದು ಮೂರು. ಎಷ್ಟು ನಿಮಿಷ? ತಲೆಗೆಷ್ಟು? ಹೋಗಿ ಬರೋದಕ್ಕೆ ಸೇರಿಸಿಯೋ? ದೋಣಿ ಏರಿ ದೂರದ ಬೀಚಿಗೆ ಹೋಗಿ ಇಳಿದ ಮೇಲೆ, ಹೊತ್ತು ಮುಳುಗುವಾಗ 'ವಾಪಸ್ ಬರೋಕೆ ಬೇರೆ ರೇಟು' ಅಂದರೆ ನಡೆದು ಬರೋಕಾಗುತ್ತಾ? ಆದ್ದರಿಂದ ಪೂರ್ತಿ ಹಣ ವಾಪಸ್ ಬಂದ ಮೇಲೆಯೇ ಕೊಡಿ. ಡಾಲ್ಫಿನ್ ತೋರಿಸೇ ತೋರಿಸ್ತೀನಿ ಅನ್ನುವವರನ್ನು ನಂಬಬೇಡಿ, ಡಾಲ್ಫಿನ್ ಯಾರ ಮಾತನ್ನೂ ಕೇಳೋದಿಲ್ಲ.

ಲೈಫ್ ಜಾಕೆಟ್ ಕೊಟ್ಟರೆ ಸಾಲದು, ಬಕಲ್ ಇದೆಯಾ, ಮಗುವಿನ ಅಳತೆಯದಾ ನೋಡಿ. 'ಏನೂ ಆಗಲ್ಲ, ದಿನಾ ನೂರು ಜನ ಹೋಗ್ತಾರೆ' ಅನ್ನುವ ಮಾತಿಗೆ ಸಮುದ್ರದ ಮುಂದೆ ಕವಡೆ ಕಾಸಿನ ಬೆಲೆ ಇಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳನ್ನು ಇದೇ ಮುರುಡೇಶ್ವರದ ಅಲೆ ಎಳೆದುಕೊಂಡು ಹೋಯಿತು. ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಸೀಟಿ ಊದಿದರೆ ವಾದ ಬೇಡ. ಚಿಕ್ಕಮಕ್ಕಳಿರುವ ಸಂಸಾರಕ್ಕೆ ನಾನು ಸಾಮಾನ್ಯವಾಗಿ ಹೇಳೋದು ಹೊನ್ನಾವರ ಹತ್ತಿರದ ಕಾಸರಕೋಡು ಅಥವಾ ಉಡುಪಿ ಜಿಲ್ಲೆಯ ಪಡುಬಿದ್ರಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚುಗಳವು. ಸ್ವಚ್ಛತೆ, ನೀರಿನ ಪರೀಕ್ಷೆ, ಜೀವರಕ್ಷಕರು, ಶೌಚಾಲಯ ಎಲ್ಲಕ್ಕೂ ಆ ಮಾನ್ಯತೆಯಲ್ಲಿ ನಿಯಮ ಇದೆ.

ಮೀನು, ನೀರು, ಗೋಡಂಬಿ

ಮೀನಿನ ಹೋಟೆಲಿನ ಕಾರ್ಡಿನಲ್ಲಿ ಬೆಲೆಯ ಜಾಗದಲ್ಲಿ 'ಸೈಜಿನ ಮೇಲೆ' ಅಂತಿದ್ದರೆ ಮೀನನ್ನು ಹಸಿಯಾಗಿಯೇ ತೋರಿಸೋಕೆ ಹೇಳಿ, ತವಾಕ್ಕೆ ಹಾಕುವ ಮುಂಚೆ ಬೆಲೆ ಮಾತಾಡಿ. ಹುರಿದ ಮೇಲೆ ಎಲ್ಲ ಮೀನೂ ದುಬಾರಿಯೇ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು. ಇನ್ನೊಂದು ಲೆಕ್ಕ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಜುಲೈ ಮಳೆಯಲ್ಲಿ 'ಈಗ ತಾನೇ ಬೋಟಿನಿಂದ ಇಳಿದ ಅಂಜಲ್' ಅಂತ ಯಾರಾದರೂ ಅಂದರೆ ನಕ್ಕು ಸುಮ್ಮನಾಗಿ. ಅದು ಬಹುಪಾಲು ಐಸ್ ಪೆಟ್ಟಿಗೆಯಿಂದ ಇಳಿದದ್ದು.

ಅಂಗಡಿಯಲ್ಲಿ ನೀರಿನ ಬಾಟಲಿಗೆ, ಚಿಪ್ಸಿಗೆ 'ಕೂಲಿಂಗ್ ಚಾರ್ಜು' ಅಂತ ಎಂಆರ್‌ಪಿ ಮೇಲೆ ಐದು ರೂಪಾಯಿ ಕೇಳುವಂತಿಲ್ಲ. ಆದರೆ ಕೂರಿಸಿ ಬಡಿಸುವ ಹೋಟೆಲು, ರೆಸ್ಟೋರೆಂಟುಗಳಿಗೆ ಇದು ಅನ್ವಯಿಸೋದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ರೆಸಾರ್ಟಿನಲ್ಲಿ ಬಾಟಲಿ ಮುಚ್ಚಳ ತೆಗೆಯುವ ಮುಂಚೆ ಬೆಲೆ ಕೇಳಿ. ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ತಾನಾಗಿ ಸೇರಿದ್ದರೆ ತೆಗೀರಿ ಅನ್ನಬಹುದು. ಅದನ್ನು ತಾನಾಗಿ ಸೇರಿಸುವಂತಿಲ್ಲ ಅನ್ನುವ 2022ರ ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ. ಬಡಿಸಿದ ಹುಡುಗನಿಗೆ ಖುಷಿಯಿಂದ ಕೈಗೇ ಕೊಡಿ, ಅದು ಬೇರೆ ಮಾತು.

ವಾಪಸ್ ಬರುವಾಗ ಗೋಡಂಬಿ ತರದವರು ಯಾರು? ಮೇಲೆ ದಪ್ಪ ಬೀಜ, ಕೆಳಗೆ ಚೂರು ತುಂಬಿದ ಪೊಟ್ಟಣ ಹಳೆಯ ಆಟ. ಡಬ್ಲ್ಯು 180, 240, 320 ಅಂತ ದರ್ಜೆ ಹೇಳ್ತಾರಲ್ಲ, ಆ ಸಂಖ್ಯೆ ಅಂದ್ರೆ ಒಂದು ಪೌಂಡಿಗೆ, ಅಂದ್ರೆ ಸುಮಾರು 454 ಗ್ರಾಮಿಗೆ ಹೆಚ್ಚೆಂದರೆ ಎಷ್ಟು ಬೀಜ ಅಂತ. ಸಂಖ್ಯೆ ಕಡಿಮೆ ಆದಷ್ಟೂ ಬೀಜ ದಪ್ಪ. ಹಾಗಾಗಿ ನೂರು ಗ್ರಾಮ್ ತೂಗಿಸಿ ಎಣಿಸಿ. 180ರದ್ದಾದರೆ ನಲವತ್ತರ ಹತ್ತಿರ, 320ರದ್ದಾದರೆ ಎಪ್ಪತ್ತರ ಹತ್ತಿರ ಬೀಜ ಇರುತ್ತೆ. ಎಪ್ಪತ್ತು ಎಣಿಸಿದ ಮೇಲೂ '180' ಅಂದ್ರೆ ಪಕ್ಕದ ಅಂಗಡಿಗೆ ನಡೀರಿ.

ಸ್ಕ್ಯಾನು, ಫೋಟೋ, ಪೂಜೆ

ಬೀಚಿನಲ್ಲಿ ಈಗ ಕಡಲೆಕಾಯಿಗೂ ಕ್ಯೂಆರ್. ಕೋಡಿನ ಮೇಲೆ ಇನ್ನೊಂದು ಕೋಡ್ ಅಂಟಿಸಿರಬಹುದು, ಬಂದ ಹೆಸರನ್ನು ಜೋರಾಗಿ ಓದಿ 'ಇದು ನಿಮ್ಮದೇನಾ?' ಅಂತ ಕೇಳಿ. ಬಡಪಾಯಿ ವ್ಯಾಪಾರಿಗೂ ಅದರಿಂದ ಉಪಕಾರ. ನಮಗೆ ಹಣ ಬರೋಕೆ ಪಿನ್ ಬೇಡ, ಸ್ಕ್ಯಾನೂ ಬೇಡ. 'ರಿಫಂಡ್ ಕಳಿಸ್ತೀನಿ, ಪಿನ್ ಒತ್ತಿ' ಅಂದ್ರೆ ಫೋನ್ ಇಡಿ.

ಫೋಟೋ ತೆಗೆಯುವ ಹುಡುಗರು 'ಇಷ್ಟ ಆದ್ರೆ ತಗೊಳ್ಳಿ' ಅಂತ ಶುರು ಮಾಡಿ ಎಂಬತ್ತು ಫೋಟೋ ತೆಗೆದು ಎಲ್ಲಕ್ಕೂ ಲೆಕ್ಕ ಹಾಕ್ತಾರೆ. 'ಐದು ಫೋಟೋ, ಇಷ್ಟು ದುಡ್ಡು' ಅಂತ ಮೊದಲೇ ಗೆರೆ ಎಳೆಯಿರಿ. ದೇವಸ್ಥಾನದ ಊರುಗಳಲ್ಲಿ ದಾರಿಯಲ್ಲೇ ಕೈಹಿಡಿದು 'ಬೇಗ ದರ್ಶನ, ವಿಶೇಷ ಪೂಜೆ' ಅನ್ನುವವರು ಸಿಗಬಹುದು. ಸೇವೆ ಮಾಡಿಸುವ ಮನಸ್ಸಿದ್ದರೆ ದೇವಸ್ಥಾನದ ಕೌಂಟರಿನಲ್ಲಿ ರಸೀದಿ ಹರಿಸಿ ಮಾಡಿಸಿ. ದೇವರಿಗೆ ಮಧ್ಯವರ್ತಿ ಬೇಕಾಗಿಲ್ಲ.

ಥಾಯ್ಲೆಂಡಿಗೆ ಹೊರಟವರಿಗೆ ಎರಡೇ ಮಾತು. ಅಲ್ಲಿಗೆ ಹೋಗುವವರು 2025ರ ಮೇ 1ರಿಂದ ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡ್ ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ನಕಲಿ ತಾಣ. ಪಟ್ಟಾಯ, ಫುಕೆಟ್‌ನಲ್ಲಿ ಜೆಟ್ ಸ್ಕೀ ವಾಪಸ್ ಕೊಡುವಾಗ ಹಳೆಯ ಗೀರು ತೋರಿಸಿ ಸಾವಿರಗಟ್ಟಲೆ ಬಾತ್ ಕೇಳುವ ಮೋಸ ಜಗತ್ತಿಗೇ ಗೊತ್ತು. ಮೊದಲೇ ವಿಡಿಯೋ ಮಾಡಿ. ಪ್ರವಾಸಿ ಪೊಲೀಸರ ನಂಬರ್ 1155.

ಆದ ಮೇಲೆ ಏನು?

'ಅಲ್ಲಿ ಹೋಗಿ ಯಾರು ಕೋರ್ಟು ಕಚೇರಿ ಅಲೀತಾರೆ' ಅಂತ ಸುಮ್ಮನಾಗುವವರೇ ಹೆಚ್ಚು. ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೋಸ ಗೋವಾದಲ್ಲಿ ಆಗಿದ್ದರೂ ಬೊಮ್ಮನಹಳ್ಳಿಯವರು ಬೆಂಗಳೂರಿನಲ್ಲೇ ಕೊಡಬಹುದು. ವಸ್ತು ಅಥವಾ ಸೇವೆಗೆ ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಕೊಡಬೇಕು. ವಕೀಲರಿಲ್ಲದೆ ನೀವೇ ವಾದಿಸಬಹುದು, ಇ-ಜಾಗೃತಿ ತಾಣದಲ್ಲಿ ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತೆ. ಬೇಕಾದ್ದು ಒಂದೇ, ಕಾಗದ. ಬಿಲ್ಲು, ರಸೀದಿ, ಚಾಟ್‌ನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.

ಕೊನೆಗೆ, ಎಚ್ಚರಿಕೆ ಒಂದು ರೋಗ ಆಗಬಾರದು. ರೆಸಾರ್ಟಿನಲ್ಲಿ ಎರಡು ಸಾವಿರದ ಬಿಲ್ಲಿಗೆ ತಲೆಯಾಡಿಸಿ ಬಂದು, ಬಿಸಿಲಲ್ಲಿ ಎಳನೀರು ಮಾರುವ ಹೆಂಗಸಿನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರನ್ನು ನೋಡಿದ್ದೀನಿ. ಮೋಸಗಾರರಿಂದ ಆಗುವ ಇನ್ನೊಂದು ನಷ್ಟ ಇದೇ, ನಾವು ಪ್ರಾಮಾಣಿಕರನ್ನೂ ಕಳ್ಳರ ಹಾಗೆ ನೋಡೋಕೆ ಶುರು ಮಾಡ್ತೀವಿ. ಗುರುತು ಹಿಡಿಯೋದು ಅಷ್ಟು ಕಷ್ಟ ಏನಲ್ಲ. ಬೆಲೆ ಮೊದಲೇ ಹೇಳುವವರು, 'ನಾಳೆ ಬನ್ನಿ' ಅಂದರೂ ಮುಖ ಸಿಂಡರಿಸದವರು, ಕೇಳಿದರೆ ಚೀಟಿ ಬರೆದುಕೊಡುವವರು ನಂಬಿಕಸ್ಥರು. ಅವರ ಹತ್ತಿರವೇ ಕೊಳ್ಳಿ, ಊರಿಗೆ ಬಂದು ಅವರ ಹೆಸರು ನಾಲ್ಕು ಜನಕ್ಕೆ ಹೇಳಿ. ಮೋಸ ಹೋದ ಕತೆ ಹೇಳುವಷ್ಟೇ ಉಪಕಾರ ಇದರಿಂದಲೂ ಆಗುತ್ತೆ.

ಮನೆಯಲ್ಲಿ ಯಾರಾದರೂ ಈ ರಜೆಯಲ್ಲಿ ಕಡಲಿಗೆ ಹೊರಟಿದ್ದರೆ 1930, 1915 ಎರಡು ನಂಬರನ್ನೂ ಅವರ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ. ಅದರಲ್ಲೂ ಮೊದಲ ಸಲ ಒಬ್ಬಂಟಿಯಾಗಿ ಹೊರಟ ಹೆಣ್ಣುಮಕ್ಕಳ ಫೋನಿನಲ್ಲಿ. 'ಹುಷಾರು, ಹೋಗ್ಬೇಡ' ಅನ್ನೋದರ ಬದಲು 'ಹುಷಾರಾಗಿ ಹೋಗಿ ಬಾ' ಅನ್ನಿ.